ಗಿರಕಿ ಬೇರೆ, ತಿರುವು ಬೇರೆ

"ಗಂಗಾವತಿಯವನಿಗೆ ಸಮುದ್ರದ ಉಸಾಬರಿ ಯಾಕೋ?" ಹಾಸ್ಟೆಲ್ ರೂಮಿನ ಮೂಲೆಯಲ್ಲಿ ನಿಂತಿರೋ ನನ್ನ ಸರ್ಫ್‌ಬೋರ್ಡ್ ನೋಡಿದವರು ಕೇಳುವ ಮೊದಲ ಪ್ರಶ್ನೆ ಇದೇ. ಪ್ರಶ್ನೆಯಲ್ಲಿ ತಪ್ಪೇನಿಲ್ಲ ಬಿಡಿ. ನಮ್ಮ ಕಡೆ ನೀರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಭತ್ತದ ಗದ್ದೆಯಲ್ಲಿ ನಿಂತ ನೀರು, ಆನೆಗುಂದಿಯ ಹೊಳೆ, ಸಾಣಾಪುರದ ಕೆರೆ. ಇವುಗಳಲ್ಲಿ ಯಾವುದರಲ್ಲೂ ನಿಂತು ಸವಾರಿ ಮಾಡುವಂಥ ಅಲೆ ಏಳುವುದಿಲ್ಲ. ಸಮುದ್ರ ನೋಡಬೇಕು ಅಂದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು. ಆದರೂ ನನ್ನ ಬೋರ್ಡ್ ಯಾಕೆ ಸುಲಭವಾಗಿ ತಿರುಗುತ್ತಿಲ್ಲ ಅನ್ನೋದು ಅರ್ಥವಾಗಲು ಕೊನೆಗೆ ನೆರವಿಗೆ ಬಂದದ್ದು ಆ ಹೊಳೆ ಮತ್ತು ಆ ಗದ್ದೆಯೇ. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ಈ ಊರಿನ ಬಗ್ಗೆ ಎರಡು ಮಾತು. ನಾವು ನಾಲ್ಕು ವರ್ಷ ಓದಿ ಹೋಗುವ ಈ ಕರಾವಳಿ ಭಾರತದ ಸರ್ಫಿಂಗ್‌ಗೆ ಒಂಥರಾ ತವರುಮನೆ. ಮುಲ್ಕಿಯಲ್ಲಿ 2004ರಲ್ಲಿ ಶುರುವಾದ ಮಂತ್ರ ಸರ್ಫ್ ಕ್ಲಬ್, ದೇಶದ ಮೊದಲ ಸರ್ಫ್ ಕ್ಲಬ್ ಅಂತಲೇ ಹೆಸರಾಗಿದೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2022ರಲ್ಲಿ ಪಣಂಬೂರಿನಲ್ಲಿ, 2024ರಲ್ಲಿ ಸಸಿಹಿತ್ಲುವಿನಲ್ಲಿ ನಡೆಯಿತು. ಶಾಂಭವಿ, ನಂದಿನಿ ಎರಡೂ ನದಿಗಳು ಸಮುದ್ರ ಸೇರುವ ಜಾಗ ಅದು. ನಮ್ಮಲ್ಲಿ ಎಷ್ಟೋ ಜನ ಅಲ್ಲಿಗೆ ಸೂರ್ಯಾಸ್ತದ ಫೋಟೊ ತೆಗೆಯೋಕೆ ಹೋಗಿ ಬಂದಿದ್ದಾರೆ, ನೀರಿಗಿಳಿದವರು ಕಡಿಮೆ.

ನನ್ನ ಕಥೆಗೆ ಬರ್ತೀನಿ. ಎರಡು ವರ್ಷ ದೊಡ್ಡ ಫೋಮ್ ಬೋರ್ಡ್ ಮೇಲೆ ಕಲಿತ ಮೇಲೆ, ಇಂಟರ್ನ್‌ಶಿಪ್ ಸ್ಟೈಪೆಂಡಿನಲ್ಲಿ ಆರಡಿಯ ಒಂದು ಹಳೇ ಶಾರ್ಟ್‌ಬೋರ್ಡ್ ಕೊಂಡೆ. ಅದರ ಮೊದಲಿನ ಮಾಲೀಕರು ಒಳ್ಳೇ ದಷ್ಟಪುಷ್ಟ ಆಳು. ಬೋರ್ಡ್ ಜೊತೆಗೇ ಅವರ ಫಿನ್‌ಗಳೂ ಬಂದವು, ಎಲ್ ಸೈಜಿನವು. ನನ್ನ ತೂಕ 58 ಕೆಜಿ. ಬೋರ್ಡ್ ಅಲೆ ಮೇಲೆ ನೇರವಾಗಿ ರೈಲಿನ ಹಾಗೆ ಹೋಗ್ತಿತ್ತು. ಒರಗಿಸಿ ತಿರುಗಿಸೋಣ ಅಂದರೆ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ಇದು ಫೈನಲ್ ಇಯರ್. ಮೇ ಮುಗಿದರೆ ಮಳೆಗಾಲದ ಕಡಲು, ಅಷ್ಟರಲ್ಲಿ ನಾನು ಬೆಂಗಳೂರಿನ ಕೆಲಸಕ್ಕೆ ಹೊರಟಿರುತ್ತೇನೆ. ಅಲೆಯ ಕೆಳಗೆ ಒಂದು ತಿರುವು, ಮೇಲೆ ಹೋಗಿ ಇನ್ನೊಂದು ತಿರುವು, ಎರಡನ್ನೂ ಜೋಡಿಸಬೇಕು. ಇಷ್ಟೇ ಆಸೆ. ಹೊಸ ಫಿನ್ ಸೆಟ್ಟಿನ ಬೆಲೆ ನನ್ನ ಎರಡು ತಿಂಗಳ ಮೆಸ್ ಬಿಲ್ಲಿನ ಹತ್ತಿರ. ಹಾಗಾಗಿ ಕೊಳ್ಳೋದಾದರೆ ಒಂದೇ ಸಲ, ಸರಿಯಾದದ್ದನ್ನೇ ಕೊಳ್ಳಬೇಕಿತ್ತು.

ಗೊತ್ತಿಲ್ಲದವರಿಗೆ: ಫಿನ್ ಅಂದರೆ ಬೋರ್ಡಿನ ಅಡಿಯಲ್ಲಿ, ಬಾಲದ ಹತ್ತಿರ ಇರೋ ಮೀನಿನ ರೆಕ್ಕೆಯಂಥ ತುಂಡು. ಹಿಂದೆ ಬೋರ್ಡಿಗೆ ಫಿನ್ನೇ ಇರಲಿಲ್ಲ. ದಿಕ್ಕು ಬದಲಿಸೋಕೆ ಸವಾರರು ಕಾಲನ್ನೇ ನೀರಿಗೆ ಇಳಿಬಿಡುತ್ತಿದ್ದರು. 1935ರಲ್ಲಿ ಟಾಮ್ ಬ್ಲೇಕ್ ಎಂಬಾತ ಹವಾಯಿಯಲ್ಲಿ ಬೋರ್ಡಿಗೆ ಮೊದಲ ಫಿನ್ ಕೂರಿಸಿದ. ಎಪ್ಪತ್ತರ ದಶಕದ ಕೊನೆಗೆ ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ಎರಡು ಫಿನ್‌ಗಳ ಬೋರ್ಡ್ ಹಿಡಿದು ಬಂದು 1979ರಿಂದ 1982ರವರೆಗೆ ಸತತ ನಾಲ್ಕು ಸಲ ವಿಶ್ವ ಚಾಂಪಿಯನ್ ಆದ. ಅದೇ ದೇಶದ ಸೈಮನ್ ಆಂಡರ್ಸನ್ ಎತ್ತರದ, ಭಾರದ ಆಳು. ಎರಡು ಫಿನ್ ಅವನ ಭಾರಕ್ಕೆ ಹಿಡಿತ ಕೊಡದೆ ಜಾರುತ್ತಿತ್ತು. ಆತ ಹಿಂದೆ ಮೂರನೆಯದನ್ನು ಸೇರಿಸಿ 1981ರಲ್ಲಿ ಬೆಲ್ಸ್ ಬೀಚ್ ಸ್ಪರ್ಧೆ ಗೆದ್ದ. ಇವತ್ತಿನ ಶಾರ್ಟ್‌ಬೋರ್ಡ್‌ಗಳಲ್ಲಿ ಹೆಚ್ಚಿನವು ಅದೇ ಮೂರು ಫಿನ್‌ನವು, ಅದಕ್ಕೆ ಥ್ರಸ್ಟರ್ ಅಂತಾರೆ. ಈ ಇತಿಹಾಸ ಓದಿದಾಗ ನನಗೆ ಹೊಳೆದದ್ದು ಒಂದೇ: ಫಿನ್ ಅನ್ನೋದು ಬೋರ್ಡಿನ ವಿಷಯ ಎಷ್ಟೋ, ಅದರ ಮೇಲೆ ನಿಲ್ಲುವವನ ತೂಕದ ವಿಷಯವೂ ಅಷ್ಟೇ.

ಸರಿ, ನಾವು ಮೆಕ್ಯಾನಿಕಲ್‌ನವರು, ಲೆಕ್ಕ ಮಾಡದೆ ಬಿಡ್ತೀವಾ? ಬೋರ್ಡ್ ವೃತ್ತದಲ್ಲಿ ತಿರುಗಲು ಒಳಮುಖ ಬಲ ಬೇಕು, ಅದು ದ್ರವ್ಯರಾಶಿ ಗುಣಿಸು ವೇಗದ ವರ್ಗ ಭಾಗಿಸು ತ್ರಿಜ್ಯ. ಫಿನ್ ಒಂದು ನಿಂತ ರೆಕ್ಕೆ. ಅದು ಕೊಡುವ ಪಕ್ಕದ ಬಲ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎರಡೂ ಕಡೆಯ ವೇಗದ ವರ್ಗ ಹೊಡೆದು ಹೋಗುತ್ತದೆ. ಉಳಿಯುವುದು ಇಷ್ಟು: ಫಿನ್ ದೊಡ್ಡದಾದಷ್ಟೂ ಇನ್ನೂ ಸಣ್ಣ ವೃತ್ತದಲ್ಲಿ ತಿರುಗಬಹುದು! ಆದರೆ ಬೀಚಿನಲ್ಲಿ ಯಾರನ್ನೇ ಕೇಳಿ, "ಸಡಿಲ ಬೇಕಾದರೆ ಚಿಕ್ಕ ಫಿನ್ ಹಾಕು" ಅಂತಾರೆ. ಲೆಕ್ಕ ಒಂದು ಹೇಳ್ತಿದೆ, ಅನುಭವ ಇನ್ನೊಂದು ಹೇಳ್ತಿದೆ. ಎರಡೂ ಸುಳ್ಳಲ್ಲ. ಹಾಗಿದ್ದರೆ ನಡುವೆ ಏನೋ ತಪ್ಪಿಹೋಗಿದೆ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅದು ಸಿಕ್ಕಿತು. ಸಾಣಾಪುರದಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಹರಿಗೋಲು ಗಿರಗಿರ ತಿರುಗಿಸುವುದನ್ನು ನೀವು ರೀಲ್ಸಿನಲ್ಲಿ ನೋಡಿರ್ತೀರಿ. ಹರಿಗೋಲು ದುಂಡಗಿನ ಬುಟ್ಟಿ. ಅಡಿಯಲ್ಲಿ ಫಿನ್ ಇಲ್ಲ, ಹಿಂದೆ ಮುಂದೆ ಅನ್ನೋದೇ ಇಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇವನ್ನು ನೋಡಿ, ಬುಟ್ಟಿಯಂತೆ ದುಂಡಗಿವೆ, ಬೇರೆ ದೋಣಿಗಳ ಹಾಗೆ ನೇರ ಹೋಗದೆ ಯಾವಾಗಲೂ ಸುತ್ತುತ್ತಲೇ ಇರುತ್ತವೆ ಅಂತ ಬರೆದಿಟ್ಟಿದ್ದಾನೆ. ಐನೂರು ವರ್ಷವಾದರೂ ಹರಿಗೋಲಿನ ಸ್ವಭಾವ ಬದಲಾಗಿಲ್ಲ.

ಹರಿಗೋಲು ನಡೆಸುವ ಹಿರಿಯರೊಬ್ಬರನ್ನ ಕೇಳಿದೆ, "ಕಾಕಾ, ಇದನ್ನ ನೆಟ್ಟಗ ಹೆಂಗ ನಡೆಸ್ತೀರಿ?"

"ಹುಟ್ಟು ಮುಂದ ಹಾಕಿ ಎಳೀಬೇಕು ತಮ್ಮಾ. ಬಾಜೂಕ ಹಾಕಿದಿ ಅಂದ್ರ ಬರೀ ಗಿರಕಿ ಹೊಡಿತೈತಿ. ತಿರಗತೈತಿ ಖರೆ, ದಾರಿ ತಿರಗಂಗಿಲ್ಲ."

ದಾರಿ ತಿರಗಂಗಿಲ್ಲ! ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿದ್ದು ಇದೇ. ತಿರುವು ಅಂದರೆ ಒಂದಲ್ಲ, ಎರಡು ಕೆಲಸ. ಬೋರ್ಡಿನ ಮೂತಿ ಸುತ್ತಬೇಕು, ಅದು ಒಂದು. ಅದು ಸಾಗುವ ದಾರಿ ಬಾಗಬೇಕು, ಅದು ಇನ್ನೊಂದು. ದಾರಿ ಬಾಗಿಸಲು ಫಿನ್ ಹಿಡಿತ ಕೊಡುತ್ತದೆ. ಆದರೆ ಮೂತಿ ಸುತ್ತೋದನ್ನು ಅದೇ ಫಿನ್ ತಡೆಯುತ್ತದೆ, ಬಾಣದ ಹಿಂದಿನ ಗರಿಯ ಹಾಗೆ, ವಿಮಾನದ ಬಾಲದ ಹಾಗೆ. ಹರಿಗೋಲಿಗೆ ತಡೆ ಇಲ್ಲ, ಅದಕ್ಕೇ ಗಿರಕಿ ಸಲೀಸು. ಹಿಡಿತವೂ ಇಲ್ಲ, ಅದಕ್ಕೇ ದಾರಿ ಬಾಗುವುದಿಲ್ಲ. ನನ್ನ ಬೋರ್ಡಿಗೆ ನನ್ನ ತೂಕಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಹಿಡಿತ ಇತ್ತು, ಹಾಗಾಗಿ ಜಾಸ್ತಿ ತಡೆಯೂ ಇತ್ತು.

ಮನೆಯಲ್ಲಿ ಇದನ್ನ ಹೇಳಿದರೆ ಅಪ್ಪ ನಕ್ಕರು. "ಇದಕ್ಕ ಇಂಜಿನಿಯರಿಂಗ್ ಬೇಕೇನಪಾ? ನೇಗಿಲಾ ಪೂರ್ತಿ ಇಳಿದಿದ್ರ ಸಾಲು ನೆಟ್ಟಗ ಬರ್ತೈತಿ, ತಿರುವಾಕ ಬರಂಗಿಲ್ಲ. ಬದು ಬಂದಾಗ ಎತ್ತಿ ತಿರುವಬೇಕು." ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಇದೆ, ಎತ್ತಬಹುದು. ಬೋರ್ಡಿನ ಫಿನ್ ಅಲೆಯ ಮೇಲೆ ಎತ್ತೋಕಾಗಲ್ಲ. ದಡದಲ್ಲೇ ಎಷ್ಟು ಆಳದ ನೇಗಿಲು ಅಂತ ತೀರ್ಮಾನಿಸಿ ನೀರಿಗಿಳಿಯಬೇಕು.

ಆ ತೀರ್ಮಾನಕ್ಕೆ ನೋಡಬೇಕಾದ ಅಳತೆಗಳು ಇವು.

ಮೊದಲನೆಯದು ಸೈಜು. ಒಂದು ಪ್ರಮುಖ ಕಂಪನಿಯ ಪಟ್ಟಿಯ ಪ್ರಕಾರ ಎಸ್ ಅಂದರೆ ಸುಮಾರು 55ರಿಂದ 70 ಕೆಜಿ, ಎಂ ಅಂದರೆ 65ರಿಂದ 80, ಎಲ್ ಅಂದರೆ 75ರಿಂದ 90. ಎಂ ಸೈಜಿನ ಪಕ್ಕದ ಫಿನ್ನಿನ ಆಳ ಸುಮಾರು 115 ಮಿಲಿಮೀಟರ್. ಪಕ್ಕದ ಸೈಜಿಗೂ ಅದಕ್ಕೂ ಕೆಲವೇ ಮಿಲಿಮೀಟರ್ ವ್ಯತ್ಯಾಸ, ಕೈಯಲ್ಲಿ ಹಿಡಿದರೆ ಗೊತ್ತಾಗಲ್ಲ. ನಾನು ಗ್ರಾಫ್ ಶೀಟಿನ ಮೇಲೆ ಎಲ್ ಮತ್ತು ಎಸ್ ಎರಡನ್ನೂ ಇಟ್ಟು, ಪೆನ್ಸಿಲ್ ಎಳೆದು ಚೌಕ ಎಣಿಸಿದೆ. ಎಸ್‌ನ ವಿಸ್ತೀರ್ಣ ಹೆಚ್ಚುಕಡಿಮೆ ಆರನೇ ಒಂದು ಭಾಗ ಕಡಿಮೆ ಬಂತು. ಮಿಲಿಮೀಟರಿನಲ್ಲಿ ಕಾಣದ್ದು ಚೌಕಗಳಲ್ಲಿ ಕಾಣುತ್ತದೆ.

ಎರಡನೆಯದು ಬಾಗು. ಫಿನ್ನಿನ ತುದಿ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋ ಕೋನ. ಹಿಂದಕ್ಕೆ ಹೆಚ್ಚು ವಾಲಿದ್ದರೆ ಬಲ ಬೀಳುವ ಜಾಗವೂ ಹಿಂದೆ ಸರಿಯುತ್ತದೆ, ತಿರುವು ಉದ್ದವಾಗಿ, ದೊಡ್ಡ ಕಮಾನಿನಂತೆ ಬರುತ್ತದೆ. ನೆಟ್ಟಗೆ ನಿಂತ ಫಿನ್ ಇದ್ದರೆ ಬೋರ್ಡ್ ಇದ್ದ ಜಾಗದಲ್ಲೇ ಚಕ್ಕನೆ ಹೊರಳುತ್ತದೆ. ನಮ್ಮ ಕಡಲಿನ ಸೊಂಟದೆತ್ತರದ ಗಿಡ್ಡ ಅಲೆಗಳಲ್ಲಿ ದೊಡ್ಡ ಕಮಾನಿಗೆ ಜಾಗವೇ ಇರಲ್ಲ.

ಮೂರನೆಯದು ಬುಡದ ಅಗಲ. ಅಗಲ ಬುಡ ತಳ್ಳಿದಷ್ಟೂ ಮುಂದಕ್ಕೆ ಓಡಿಸುತ್ತದೆ, ಕಿರಿದಾದ ಬುಡ ಬೇಗ ಬಿಟ್ಟುಕೊಡುತ್ತದೆ. ನಾಲ್ಕನೆಯದು ಬಳುಕು. ಗಡಸು ಫೈಬರ್‌ಗ್ಲಾಸ್ ಫಿನ್ ಕಾಲಿನ ಮಾತು ತಕ್ಷಣ ಕೇಳುತ್ತದೆ, ಸ್ವಲ್ಪ ಬಳುಕುವ ಫಿನ್ ಸಾವಕಾಶವಾಗಿ ಕೇಳುತ್ತದೆ, ಕಲಿಯುವವರಿಗೆ ಅದೇ ವಾಸಿ.

ಇಷ್ಟು ಓದಿಕೊಂಡು ಹೋಗಿ ನನಗೆ ಕಲಿಸುವ ಅಣ್ಣನ ಮುಂದೆ ಒಪ್ಪಿಸಿದೆ. ಅವರು ಪೂರ್ತಿ ಕೇಳಿ ಹೇಳಿದ್ದು, "ಫಿನ್ ಆಮೇಲೆ ನೋಡುವ ಮಾರಾಯ. ಮೊದಲು ನಿನ್ನ ಹಿಂದಿನ ಕಾಲು ಎಲ್ಲಿ ಉಂಟು ನೋಡುವ." ಹಿಂದಿನ ಪಾದ ಫಿನ್‌ಗಳ ಮೇಲೆಯೇ ಇರಬೇಕು, ಮುಂದಿದ್ದರೆ ಯಾವ ಫಿನ್ ಹಾಕಿದರೂ ಬೋರ್ಡ್ ಹೊರಳುವುದಿಲ್ಲ. ಫೋನಿನಲ್ಲಿ ವಿಡಿಯೊ ತೆಗೆದು ನೋಡಿದೆವು. ಪಾದ ಸರಿಯಾದ ಜಾಗದಲ್ಲೇ ಇತ್ತು. ಆಮೇಲೆ ಅವರೇ ತಮ್ಮ ಹಳೇ ಎಸ್ ಸೆಟ್ ಕೊಟ್ಟರು.

ನಾಲ್ಕು ಬೆಳಗ್ಗೆ ಪ್ರಯೋಗ ಮಾಡಿದೆ. ಅದೇ ಬೋರ್ಡ್, ಅದೇ ಜಾಗ, ಸುಮಾರು ಅಷ್ಟೇ ಎತ್ತರದ ಅಲೆ, ಪ್ರತಿ ಸಲ ಹತ್ತು ಅಲೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಲ್ಯಾಬಿನಲ್ಲಿ ನಮಗೆ ಹೇಳಿಕೊಡೋ ಹಾಗೆ. ಮೊದಲ ದಿನ ಮೂರೂ ಎಲ್: ಅದೇ ಹಳೇ ರೈಲು. ಎರಡನೇ ದಿನ ಪಕ್ಕದವು ಎಲ್, ನಡುವಿನದು ಮಾತ್ರ ಎಸ್: ಬಾಲ ಸ್ವಲ್ಪ ಸಡಿಲಾಯಿತು, ಆದರೆ ಒರಗಿಸಲು ಈಗಲೂ ಜೋರು ಬೇಕು. ಮೂರನೇ ದಿನ ಮೂರೂ ಎಸ್: ಮೊಣಕಾಲು ಬಗ್ಗಿಸಿ ಭುಜ ತಿರುಗಿಸಿದರೆ ಬೋರ್ಡ್ ಹಿಂದೆಯೇ ಬಂತು. ನಾಲ್ಕನೇ ದಿನ ನಡುವಿನ ಫಿನ್ ತೆಗೆದು ಪಕ್ಕದ ಎಸ್ ಎರಡೇ ಬಿಟ್ಟೆ. ಅವು ಎರಡೇ ಇರೋ ಬೋರ್ಡಿಗೆಂದು ಮಾಡಿದ ದೊಡ್ಡ ಫಿನ್‌ಗಳಲ್ಲ ನೋಡಿ, ಮೂತಿ ಸುತ್ತಿತು, ದಾರಿ ಮಾತ್ರ ಹಾಗೇ ನೇರ ಉಳಿಯಿತು, ನಾನು ಬೆನ್ನ ಮೇಲೆ ನೀರಿಗೆ. ಸಾಣಾಪುರದ ಕಾಕಾ ಹೇಳಿದ್ದೇ.

ಕೊಂಡದ್ದು ಎಸ್ ಸೈಜಿನ ಮೂರರ ಸೆಟ್, ಬಾಗು ಕಡಿಮೆ ಇರೋದು, ಸ್ವಲ್ಪ ಬಳುಕುವಂಥದ್ದು. ಕೊಳ್ಳೋ ಮುಂಚೆ ಒಂದನ್ನ ಖಂಡಿತ ನೋಡಿ: ಬೋರ್ಡಿನ ತೂತು ಯಾವ ಪದ್ಧತಿಯದು ಅಂತ. ಎಫ್‌ಸಿಎಸ್ ಫಿನ್ನಿಗೆ ಕೆಳಗೆ ಎರಡು ಹಲ್ಲು, ಫ್ಯೂಚರ್ಸ್ ಫಿನ್ನಿಗೆ ಒಂದೇ ಉದ್ದ ಹಲ್ಲು. ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಪಕ್ಕದ ಫಿನ್‌ಗಳಲ್ಲಿ ಎಡ ಬಲ ಬೇರೆ ಬೇರೆ. ಸಾಮಾನ್ಯವಾಗಿ ಒಳಮೈ ಚಪ್ಪಟೆ, ಹೊರಮೈ ಉಬ್ಬು. ನಡುವಿನದಕ್ಕೆ ಎರಡೂ ಕಡೆ ಸಮ ಉಬ್ಬು.

ಚಿಕ್ಕ ಫಿನ್ ಅಂದರೆ ಎಲ್ಲರಿಗೂ ಒಳ್ಳೇದು ಅಂತ ತಿಳೀಬೇಡಿ. ನನ್ನ ರೂಮ್‌ಮೇಟ್ 82 ಕೆಜಿ. ಅವನು ಇದೇ ಎಸ್ ಸೆಟ್ ಹಾಕಿಕೊಂಡು ಇಳಿದರೆ ಪ್ರತಿ ತಿರುವಿನಲ್ಲೂ ಬಾಲ ಜಾರುತ್ತಿತ್ತು, ಎಲ್ ಹಾಕಿದ ದಿನವೇ ಅವನ ತಿರುವು ಗಟ್ಟಿಯಾಯಿತು. ಬಲವಾದ ದೊಡ್ಡ ಅಲೆಯಿದ್ದರೆ ನನಗೂ ಇನ್ನಷ್ಟು ಹಿಡಿತ ಬೇಕಾಗಬಹುದು. ಸುಲಭವಾಗಿ ತಿರುಗೋದು ಅಂದರೆ ಹಿಡಿತವನ್ನೆಲ್ಲ ಬಿಟ್ಟುಬಿಡೋದಲ್ಲ. ನಮ್ಮ ತೂಕಕ್ಕೆ, ಆ ದಿನದ ಅಲೆಗೆ ಎಷ್ಟು ಬೇಕೋ ಅಷ್ಟನ್ನು ಇಟ್ಟುಕೊಂಡು ಉಳಿದದ್ದನ್ನ ಬಿಡೋದು.

ಹೊಸ ಸೆಟ್ ಹಾಕಿ ಮೂರನೇ ವಾರ, ಒಂದು ಭಾನುವಾರ ಬೆಳಗ್ಗೆ, ಕೆಳಗಿನ ತಿರುವಿನಿಂದ ಮೇಲಕ್ಕೆ ಹೋಗಿ ಮತ್ತೆ ಕೆಳಕ್ಕೆ ಬಂದೆ. ಎರಡು ತಿರುವು ಜೋಡಿಸಿದ್ದು ಒಂದೇ ಸಲ. ವಿಡಿಯೊ ಇಲ್ಲ, ಸಾಕ್ಷಿಗೆ ಮೀನು ಬಲೆ ಸರಿಮಾಡ್ತಿದ್ದ ಇಬ್ಬರು ಮಾತ್ರ. ಮೇ ಬರೋದರೊಳಗೆ ಮೂರು ಜೋಡಿಸೋ ಲೆಕ್ಕಾಚಾರ ನಡೆದಿದೆ.

ಬೆಂಗಳೂರಿಗೆ ಬೋರ್ಡ್ ಹೊತ್ತುಕೊಂಡು ಹೋಗಿ ಏನು ಮಾಡಲಿ? ಇಲ್ಲೇ ಜೂನಿಯರ್ ಒಬ್ಬರಿಗೆ ಕೊಟ್ಟು ಹೋಗ್ತೀನಿ, ಎರಡೂ ಸೆಟ್ ಫಿನ್ ಸಮೇತ. ನೀವು 70 ಕೆಜಿ ಒಳಗಿದ್ದರೆ ಎಸ್, 75 ದಾಟಿದ್ದರೆ ಎಲ್, ನಡುವಿನವರು ಎರಡನ್ನೂ ಹಾಕಿ ನೋಡಿ. ಈಜು ಬರಬೇಕು, ಬೆಳಗ್ಗೆ ಐದಕ್ಕೆ ಏಳಬೇಕು. ಬರುವಾಗ ಅಲೆನ್ ಕೀ ನೀವೇ ತನ್ನಿ, ನನ್ನದು ಮರಳಿನಲ್ಲಿ ಎಲ್ಲೋ ಇದೆ.