ಎರೆನಾಡಿನ ಕಂಬಳಿ, ಬಾನಾಡಿಯ ಉಡುಪು

ಬಸವನ ಬಾಗೇವಾಡಿಯ ಸೀಮೆಗೆ ಸೇರಿದ ಊರು ಹೂವಿನ ಹಿಪ್ಪರಗಿ. ಹೆಸರಿನಲ್ಲಿ ಹೂವಿದ್ದರೂ ಬಂದವರ ಕಣ್ಣಿಗೆ ಮೊದಲು ಬೀಳುವುದು ದಿಗಂತದವರೆಗೆ ಹಬ್ಬಿದ ಕರಿಯ ಎರೆಭೂಮಿ. ಹಿಂಗಾರಿಯ ಬಿಳಿಜೋಳಕ್ಕೂ ಹತ್ತಿಗೂ ಈ ಮಣ್ಣೇ ತಾಯಿ. ಈ ಸೀಮೆಯ ಕುರಿಗಾರನ ಹೆಗಲ ಮೇಲಿನ ಕರಿಯ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಇರುಳಿಗೆ ಹಾಸಿಗೆ. ಅದಕ್ಕೆ ಇನ್ನೊಂದು ಗುಣವೂ ಉಂಟು. ಒಲೆಯ ಕಿಡಿ ಸಿಡಿದು ಬಿದ್ದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ. ಬಿದ್ದ ಎಡೆ ಕರಿಕಾಗುತ್ತದೆ. ಉರಿ ಮುಂದಕ್ಕೆ ಹಬ್ಬುವುದಿಲ್ಲ.

ಸಣ್ಣ ವಿಮಾನ ನಡೆಸುವವರು ತಮ್ಮ ಉಡುಪಿನಲ್ಲಿ ಅರಸುವುದೂ ಇದೇ ಗುಣವನ್ನು. ಬೆಂಗಳೂರಿನ ಉತ್ತರಕ್ಕಿರುವ ಜಕ್ಕೂರಿನಲ್ಲಿ ಸರಕಾರಿ ವೈಮಾನಿಕ ತರಬೇತಿ ಶಾಲೆ 1949ರಲ್ಲಿ ಆರಂಭವಾಯಿತು. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ರೂಪುಗೊಂಡ ‘ಪುಷ್ಪಕ’ವು 1958ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಗಗನಕ್ಕೇರಿತು. ಇಬ್ಬರು ಕೂರುವ, 90 ಅಶ್ವಶಕ್ತಿಯ ಆ ಪುಟ್ಟ ವಿಮಾನದ ಮೈಗೆ ಹೊದಿಸಿದ್ದುದು ಬಟ್ಟೆ. ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಅದು ಬಹುಕಾಲ ಬಳಕೆಯಲ್ಲಿತ್ತು.

ಇಂಥ ವಿಮಾನಗಳಲ್ಲಿ ಚಾಲಕನಿಗೂ ಪೆಟ್ರೋಲಿಗೂ ನಡುವೆ ಅಂತರ ಬಹಳ ಕಡಿಮೆ. ನೆಲಕ್ಕೆ ಅಪ್ಪಳಿಸಿದ ವಿಮಾನದಲ್ಲಿ ಬದುಕುಳಿದವನೂ ಅನಂತರದ ಬೆಂಕಿಗೆ ಬಲಿಯಾಗಬಹುದು. ಆಗ ಉಡುಪು ಅವನನ್ನು ಬೆಂಕಿಯಲ್ಲಿ ನಿಲ್ಲಿಸಿ ಕಾಯಲಾರದು. ಪಟ್ಟಿ ಬಿಚ್ಚಿ, ಬಾಗಿಲು ತೆರೆದು ಹೊರಬರಲು ಕೆಲವು ಕ್ಷಣಗಳನ್ನು ದೊರಕಿಸಿಕೊಡಬಹುದು. ಆ ಕೆಲವು ಕ್ಷಣಗಳೇ ಆಯುಷ್ಯ.

ಆದುದರಿಂದ ಮೊದಲು ತೊರೆಯಬೇಕಾದುದು ನೈಲಾನ್ ಮತ್ತು ಪಾಲಿಯೆಸ್ಟರ್. ಸುಮಾರು 220ರಿಂದ 265 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅವು ಕರಗಿ, ಕಾದ ಅರಗಿನಂತೆ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಹೊರಗೆ ಎಷ್ಟೇ ಒಳ್ಳೆಯ ಅಂಗಿ ಇದ್ದರೂ ಒಳಗಿನ ಬನಿಯನ್ನು, ಕಾಲುಚೀಲ ನೈಲಾನಿನವಾದರೆ ಅಪಾಯ ತಪ್ಪಿದ್ದಲ್ಲ. ಹತ್ತಿ ಉರಿಯುತ್ತದೆ, ಆದರೆ ಕರಗುವುದಿಲ್ಲ. ದಪ್ಪನೆಯ, ಒತ್ತಾದ ನೇಯ್ಗೆಗೆ ಬೆಂಕಿ ಹತ್ತಲು ತೆಳು ಬಟ್ಟೆಗಿಂತ ಹೆಚ್ಚು ಹೊತ್ತು ಬೇಕು. ಉಣ್ಣೆ ಹೊತ್ತಿಕೊಳ್ಳಲು 570 ಡಿಗ್ರಿಯಷ್ಟು ಶಾಖ ಬೇಕು. ಅದರಲ್ಲಡಗಿದ ಸಾರಜನಕವೂ ತೇವಾಂಶವೂ ಉರಿಯನ್ನು ತಡೆಯುತ್ತವೆ. 1960ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಹೊರತಂದ ನೋಮೆಕ್ಸ್ ಎಂಬ ನೂಲು ಕರಗದೆ ಕರಿಕಾಗಿ ದಪ್ಪಗಾಗುತ್ತದೆ. ಈ ಗುಣ ನೂಲಿನ ಹುಟ್ಟುಗುಣವಾದುದರಿಂದ ಒಗೆದರೂ ಹೋಗುವುದಿಲ್ಲ. ಆದರೆ ಎಣ್ಣೆ, ಪೆಟ್ರೋಲಿನ ಕಲೆ ಉಳಿದರೆ ಆ ಕಲೆಯೇ ಉರಿಯುತ್ತದೆ.

ಉಡುವ ಕ್ರಮವೂ ಮುಖ್ಯ. ಬಟ್ಟೆ ಮೈಗೆ ಬಿಗಿಯಾಗಿರಬಾರದು. ನಡುವಿನ ಗಾಳಿಯೇ ಶಾಖಕ್ಕೆ ಅಡ್ಡಗೋಡೆ. ತೋಳನ್ನು ಮಡಿಸದೆ ಮಣಿಕಟ್ಟಿನವರೆಗೆ ಇಳಿಬಿಡಬೇಕು. ಕಾಲಿಗೆ ಚರ್ಮದ ಬೂಟು, ಕೈಗೆ ತೆಳುವಾದ ಕೈಗವಸು ಬೇಕು. ಸುಟ್ಟ ಬೆರಳು ಪಟ್ಟಿಯ ಕೊಂಡಿ ಬಿಚ್ಚಲಾರದು.

ಈ ಎರೆನಾಡಿನ ಹುಡುಗನೋ ಹುಡುಗಿಯೋ ಹಾರಾಟ ಕಲಿಯಲು ಹೊರಟರೆ ನೋಮೆಕ್ಸಿನ ಬೆಲೆ ಮನೆಯವರಿಗೆ ಭಾರವೆನಿಸೀತು. ಅದು ಕೈಗೆಟುಕುವವರೆಗೆ ಒಳಗೂ ಹೊರಗೂ ದಪ್ಪ ಹತ್ತಿ, ಕಾಲಿಗೆ ಉಣ್ಣೆಯ ಚೀಲ ತೊಟ್ಟರೂ ಹೊಳೆಯುವ ನೈಲಾನಿಗಿಂತ ಎಷ್ಟೋ ಲೇಸು. ಆ ಎರಡರ ಗುಣವನ್ನೂ ಈ ನಾಡಿನವರಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.