ಸೇಫ್ಟಿ ಡೋರಿನ ಆಚೆ ಈಚೆ

ಸಾರಾ ಮಾಸ್ ಬರೆದ ‘ದ ಫೆಲ್’ ಕಾದಂಬರಿಯನ್ನು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ಕೂತು ಓದುವ ಸುಖವೇ ಬೇರೆ. 2021ರಲ್ಲಿ ಬಂದ ಪುಸ್ತಕ, ಇನ್ನೂರು ಪುಟವೂ ಇಲ್ಲ. 2020ರ ನವೆಂಬರಿನ ಒಂದು ಸಂಜೆ, ಒಂದು ರಾತ್ರಿ. ಇಂಗ್ಲೆಂಡಿನ ಗುಡ್ಡಗಾಡಿನಲ್ಲಿ ಕ್ವಾರಂಟೈನಿನಲ್ಲಿರುವ ಕೇಟ್ ಮನೆಯೊಳಗೆ ಕೂತು ಕೂತು ಉಸಿರುಗಟ್ಟಿ, ಯಾರಿಗೂ ಹೇಳದೆ ಗುಡ್ಡ ಹತ್ತುತ್ತಾಳೆ, ಕತ್ತಲಲ್ಲಿ ಬೀಳುತ್ತಾಳೆ. ಮನೆಯಲ್ಲಿ ಹದಿಹರೆಯದ ಮಗ ಕಾಯುತ್ತಾನೆ. ಕತೆ ಇಷ್ಟೇ.

ನಾನು ಹಚ್ಚಿಕೊಂಡದ್ದು ಕೇಟ್‌ಳ ಪಕ್ಕದ ಮನೆಯ ಆಲಿಸಳನ್ನು. ವಯಸ್ಸಾದ ಒಂಟಿ ಹೆಂಗಸು. ಅವಳ ಸಾಮಾನು ತಂದುಕೊಡುತ್ತಿದ್ದವರು ಈ ತಾಯಿ ಮಗನೇ. ಹುಡುಗ ಅಷ್ಟು ಹತ್ತಿರದಲ್ಲಿ ಕಂಗಾಲಾಗಿದ್ದಾನೆ, ‘ಬಾ ಒಳಗೆ’ ಎನ್ನುವಂತಿಲ್ಲ. ಆ ಪುಟಗಳಲ್ಲಿ ನಮ್ಮ ಮಾಳಿಗೆಯ ಸೇಫ್ಟಿ ಡೋರುಗಳೆಲ್ಲ ಕಣ್ಣಿಗೆ ಕಟ್ಟಿದವು.

2020ರ ಲಾಕ್‌ಡೌನಿನಲ್ಲಿ ನಮ್ಮ ಎದುರು ಫ್ಲ್ಯಾಟಿನ ಕರಾವಳಿ ಕಡೆಯ ಅಜ್ಜಿ ಒಳಬಾಗಿಲು ತೆರೆದು, ಜಾಲರಿಯ ಹಿಂದೆ ಸ್ಟೂಲು ಹಾಕಿ ಕೂರುತ್ತಿದ್ದರು. ‘ಊಟ ಆಯ್ತಾ ಮಗಾ?’ ಆಯ್ತು ಎಂದರೆ, ಏನು ಸಾರು, ಕಾಯಿ ಎಲ್ಲಿ ಸಿಕ್ಕಿತು, ಎಲ್ಲ ಹೇಳಬೇಕು. ತರಕಾರಿಯವ ಬಂದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬಟ್ಟೆಯ ಚೀಲ ಇಳಿಯುತ್ತಿತ್ತು. ಚಿಲ್ಲರೆ ಸಾಬೂನು ನೀರಿಗೆ. ಹತ್ತರ ನೋಟುಗಳು ತೊಳೆಸಿಕೊಂಡು, ಬಟ್ಟೆ ಒಣಗಿಸುವ ಹಗ್ಗದಲ್ಲಿ ಕ್ಲಿಪ್ಪು ಕಚ್ಚಿಕೊಂಡು ಸಾಲಾಗಿ ತೂಗುತ್ತಿದ್ದವು.

ಆ ಏಪ್ರಿಲಿನಲ್ಲಿ ನವಿ ಮುಂಬಯಿಯ ಫ್ಲೆಮಿಂಗೋಗಳ ಗುಲಾಬಿ ಚಿತ್ರ ಲೋಕವೆಲ್ಲ ಸುತ್ತಿತು. ಚಂದವೇ. ಆದರೆ ಈ ನೋಟಿನ ಸಾಲನ್ನು ಯಾರೂ ಚಿತ್ರ ತೆಗೆಯಲಿಲ್ಲ. ಅಂಥದ್ದಕ್ಕೆ ಸಣ್ಣ ಕಾದಂಬರಿಯೇ ಆಗಬೇಕು.

ಡೊಂಬಿವಲಿಯ ಗಡಿಯಾರವೆಂದರೆ ಲೋಕಲ್ ರೈಲು. ಬೆಳಗಿನ ಫಾಸ್ಟ್ ಹೋಯಿತು, ಇನ್ನು ಡಬ್ಬಿ ಕಟ್ಟಬೇಕು ಎಂದು ಹೊತ್ತು ಅಳೆದ ಅಡುಗೆಮನೆಗಳಿವು. ಮಾರ್ಚ್ 22ರ ರಾತ್ರಿ ಅದು ನಿಂತಿತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂದಿತ್ತು. 2020ರ ಏಪ್ರಿಲ್ 16ಕ್ಕೆ ಆ ಹಾದಿಯಲ್ಲಿ ಲೋಕಲ್ಲೇ ಇಲ್ಲ. ಜೂನ್ 15ರಿಂದ ಅಗತ್ಯ ಸೇವೆಯವರಿಗಷ್ಟೇ ಓಡಿತು. ಉಳಿದವರಲ್ಲಿ ಬಹಳಷ್ಟು ಮಂದಿ ಮರುವರ್ಷದ ಫೆಬ್ರವರಿವರೆಗೂ ಕಾದರು, ಆಮೇಲೂ ಹೊತ್ತು ನೋಡಿಯೇ ಹತ್ತಬೇಕಿತ್ತು.

ಮುಂಬಯಿಯ ಗದ್ದಲವನ್ನು ಕನ್ನಡ ಚೆನ್ನಾಗಿ ಬಲ್ಲದು. ಯಶವಂತ ಚಿತ್ತಾಲರು, ಜಯಂತ ಕಾಯ್ಕಿಣಿಯವರು ಅದನ್ನು ನಮಗೆ ಉಸಿರಿನಷ್ಟು ಹತ್ತಿರ ತಂದಿದ್ದಾರೆ. ಆ ಗದ್ದಲ ಅಡಗಿದ ತಿಂಗಳುಗಳದೂ ಒಂದು ಪುಸ್ತಕ ಕನ್ನಡದಲ್ಲಿ ಬೇಕು. ದಪ್ಪಗಿರುವುದು ಬೇಡ. ಒಂದು ಮಾಳಿಗೆ, ನಾಲ್ಕು ಸೇಫ್ಟಿ ಡೋರು, ಒಂದು ರಾತ್ರಿ ಸಾಕು. ಬೇಗ ಬರೆಯಬೇಕು, ಯಾವ ದಿನ ಯಾವ ಸಾರು ಮಾಡಿದ್ದೆವೆಂದು ಅಂಥ ಅಜ್ಜಿಯರಿಗೆ ಇನ್ನೂ ನೆನಪಿರುವಾಗಲೇ.