ಹತ್ತದ ಬೆಟ್ಟವನ್ನು ಇಳಿಯುವವರು

ಬೆಂಗಳೂರಿನ ಜೀವನ್ ಬಿಮಾ ನಗರದಲ್ಲಿ ಹೆಲಿಕಾಪ್ಟರ್ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಹಳೇ ಏರ್‌ಪೋರ್ಟ್ ರಸ್ತೆ ದಾಟಿದರೆ ಹೆಲಿಕಾಪ್ಟರ್ ಕಟ್ಟುವ ಎಚ್‌ಎಎಲ್. ಆ ಗಡಗಡ ಸದ್ದಿಗೆ ಇಲ್ಲಿನ ಕಿವಿಗಳು ಪಳಗಿಹೋಗಿವೆ. ನಾನು ಮಾತ್ರ ಈಚೆಗೆ ತಲೆ ಎತ್ತಿ ನೋಡುತ್ತೇನೆ. ಹೆಲಿ-ಸ್ಕೀಯಿಂಗ್ ಕುರಿತು ಓದತೊಡಗಿದ ಮೇಲೆ ತಲೆಯಲ್ಲಿ ಒಂದು ಪ್ರಶ್ನೆ ಕೂತಿದೆ.

ಸಂಗತಿ ಇಷ್ಟು. ರಸ್ತೆಯಿಲ್ಲದ, ಊರಿಲ್ಲದ ಕಣಿವೆಯ ಮೇಲಿನ ಹಿಮದ ಏಣಿನಲ್ಲಿ ಹೆಲಿಕಾಪ್ಟರ್ ನಾಲ್ಕೈದು ಜನರನ್ನೂ ಒಬ್ಬ ಗೈಡನ್ನೂ ಇಳಿಸಿ ಹೋಗುತ್ತದೆ. ಅವರು ಸ್ಕೀ ಕಟ್ಟಿಕೊಂಡೋ ಸ್ನೋಬೋರ್ಡ್ ಮೇಲೆ ನಿಂತೋ ಯಾರೂ ತುಳಿಯದ ಹಿಮದಲ್ಲಿ ಕಣಿವೆಯ ತಳಕ್ಕೆ ಜಾರುತ್ತಾರೆ. ಅಲ್ಲಿಂದ ಹೆಲಿಕಾಪ್ಟರ್ ಮತ್ತೆ ಎತ್ತಿಕೊಳ್ಳುತ್ತದೆ. ಆಸ್ಟ್ರಿಯಾ ಮೂಲದ ಗೈಡ್ ಹಾನ್ಸ್ ಗ್ಮೋಸರ್ 1965ರಲ್ಲಿ ಕೆನಡಾದ ಬುಗಾಬೂ ಬೆಟ್ಟಗಳಲ್ಲಿ ಇದನ್ನು ಕಸುಬಾಗಿ ಶುರುಮಾಡಿದರು. 1980ರ ದಶಕದಲ್ಲಿ ಸ್ವಿಸ್ ಸ್ಕೀಯರ್ ಸಿಲ್ವೇನ್ ಸೋದಾನ್ ಕಾಶ್ಮೀರಕ್ಕೆ ತಂದರು. ಆಮೇಲೆ ಮನಾಲಿಯ ಸುತ್ತ, ಹನುಮಾನ್ ಟಿಬ್ಬಾ ಶಿಖರದ ಇಳಿಜಾರುಗಳಲ್ಲೂ ಬೇರೂರಿತು.

ನಡೆದು ಹತ್ತುವವನಿಗೆ ಬೆಟ್ಟ ದಾರಿಯುದ್ದಕ್ಕೂ ಸುದ್ದಿ ಕೊಡುತ್ತದೆ. ಕಾಲು ಎಷ್ಟು ಹೂತಿತು, ಹಿಮ ಎಲ್ಲಿ ‘ಧಪ್’ ಎಂದು ಕುಸಿಯಿತು, ಗಾಳಿ ಯಾವ ಮಗ್ಗುಲಿಗೆ ಹಿಮ ತಂದು ಪೇರಿಸಿದೆ, ಇದೆಲ್ಲ ನೆತ್ತಿ ಮುಟ್ಟುವ ಹೊತ್ತಿಗೆ ಅವನಿಗೆ ಗೊತ್ತು. ಆಕಾಶದಿಂದ ಇಳಿದವನ ಕಾಲಿಗೆ ಒಂದೂ ಗೊತ್ತಿಲ್ಲ. ಏನನ್ನು ನಂಬಿ ಜಾರುತ್ತಾನೆ?

*

ಮೊದಲು ನಂಬಬೇಕಾದದ್ದು ಹೆಲಿಕಾಪ್ಟರನ್ನು. ಪ್ರಶ್ನೆಯ ಆ ತುದಿ ನಮ್ಮ ಬೀದಿಯ ಆಚೆಗೇ ಸಿಕ್ಕಿತು. ಎಚ್‌ಎಎಲ್ ಕಟ್ಟಿದ ಚೀತಾ, ಫ್ರಾನ್ಸಿನ ಲಾಮಾ ಹೆಲಿಕಾಪ್ಟರಿನದೇ ಪರವಾನಗಿ ರೂಪ. ಲಾಮಾ ಹುಟ್ಟಿದ್ದೇ ಹಿಮಾಲಯದಲ್ಲಿ ಹಾರುವ ಯಂತ್ರ ಬೇಕೆಂದ ಭಾರತೀಯ ಸೇನೆಗಾಗಿ. 1969ರ ಮಾರ್ಚ್‌ನಲ್ಲಿ ಮೊದಲು ಹಾರಿತು. ಸುಮಾರು 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ರೋಟರಿನ ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ. ಆದ್ದರಿಂದ ಹಗುರವಾದ ಅಲುಯೆಟ್-2 ಹೆಲಿಕಾಪ್ಟರಿನ ಒಡಲಿಗೆ ಅದಕ್ಕಿಂತ ದೊಡ್ಡದಾದ ಅಲುಯೆಟ್-3ರ ಎಂಜಿನ್, ರೋಟರ್ ಜೋಡಿಸಿದರು. 1972ರ ಜೂನ್ 21ರಂದು ಪೈಲಟ್ ಜ್ಯಾನ್ ಬೂಲೆ ಲಾಮಾದಲ್ಲಿ 12,442 ಮೀಟರ್ ಏರಿದರು. ಎಂಜಿನ್ ಆರಿಹೋಯಿತು. ಬರೀ ಗಾಳಿಗೆ ತಿರುಗುವ ರೋಟರನ್ನು ನಂಬಿ ಅಷ್ಟೆತ್ತರದಿಂದ ನೆಲಕ್ಕೆ ಇಳಿದರು! ಆಲ್ಪ್ಸ್‌ನಲ್ಲಿ ಇದೇ ಲಾಮಾ ದಶಕಗಟ್ಟಲೆ ಸರಕು ಸಾಗಿಸಿತು, ಗಾಯಾಳುಗಳನ್ನು ತಂದಿತು, ಸ್ಕೀಯರುಗಳನ್ನೂ ಹೊತ್ತಿತು.

ಪೈಲಟ್ಟಿಗೂ ಬೆಟ್ಟವನ್ನು ಓದುವ ಕೆಲಸವಿದೆ. ರೋಟರಿನ ಗಾಳಿಗೆ ಹಿಮದ ಪುಡಿ ಎದ್ದರೆ ಎಲ್ಲ ಬಿಳಿ. ನೆಲ ಎಲ್ಲಿದೆಯೆಂದು ಕಣ್ಣಿಗೆ ತಿಳಿಯದು. ಅದಕ್ಕೇ ಇಳಿಯುವ ಜಾಗದಲ್ಲಿ ಬಾವುಟದ ಕೋಲು ನೆಡುತ್ತಾರೆ. ಸ್ಕೀಯರುಗಳು ಸಾಮಾನನ್ನು ಒತ್ತಿ ಹಿಡಿದು ಒಂದೇ ಗುಂಪಾಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಪೈಲಟ್ ಅವರ ಮಗ್ಗುಲಿಗೇ ಇಳಿಸುತ್ತಾನೆ. ಮನುಷ್ಯರ ಗುಂಪೇ ಅವನಿಗೆ ನೆಲದ ಗುರುತು. ಆ ನಂಬಿಕೆಯನ್ನು ಓದಿದಾಗ ಮೈ ಜುಮ್ಮೆಂದಿತು.

*

ನನ್ನನ್ನು ಹೆಚ್ಚು ಕಾಡಿದ್ದು ಇಳಿಜಾರಿನ ಲೆಕ್ಕ. ದೊಡ್ಡ ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದರೆ ಹಿಮ ಕೂರದೆ ಆಗಾಗ್ಗೆ ಉದುರಿಹೋಗುತ್ತದೆ, ಸಪಾಟಾದರೆ ಜಾರುವುದಿಲ್ಲ. ಆಳದ ಹೊಸ ಹಿಮದಲ್ಲಿ ಜಾರಲು ಖುಷಿ ಕೊಡುವುದೂ ಬಹುಪಾಲು ಅದೇ ಇಳಿಜಾರು. ಮನುಷ್ಯ ಅರಸುವ ಜಾಗವೂ ಹಿಮ ಬಿಟ್ಟುಕೊಡುವ ಜಾಗವೂ ಒಂದೇ!

ಹಿಮ ಪದರ ಪದರವಾಗಿ ಕೂತಿರುತ್ತದೆ. ಚಳಿಗಾಲದ ಮೊದಲಲ್ಲಿ ಬಿದ್ದ ತೆಳುಹಿಮ ಕೊರೆಯುವ ಚಳಿಗೆ ಒಂದಕ್ಕೊಂದು ಅಂಟದ ಹರಳಾಗುತ್ತದೆ. ಅದರ ಮೇಲೆ ಗಾಳಿ ತಂದ ಹಿಮ ಗಟ್ಟಿ ಹಲಗೆಯಂತಾದರೆ, ಸಾಸಿವೆ ಚೆಲ್ಲಿದ ನೆಲದ ಮೇಲೆ ಕಡಪಾ ಕಲ್ಲು ಇಟ್ಟ ಹಾಗೆ. ಒಬ್ಬನ ಭಾರ ಸಾಕು, ಇಡೀ ಹಲಗೆ ಜಾರುತ್ತದೆ.

ಕಾಲು ಓದದ್ದನ್ನು ಗೈಡ್ ಸಲಿಕೆಯಿಂದ ಓದುತ್ತಾನೆ. ಹಿಮದಲ್ಲಿ ಗುಂಡಿ ತೋಡಿ, ಗೋಡೆಯ ಪದರಗಳನ್ನು ಬೆರಳಿಂದ ಒತ್ತಿ, ಕತ್ತರಿಸಿದ ಕಂಬದ ಮೇಲೆ ತಟ್ಟಿ, ಯಾವ ಪದರ ಬಿಡುತ್ತದೆ ನೋಡುತ್ತಾನೆ. ಮೊದಲ ಹಿಮದಿಂದ ಈವರೆಗೆ ಯಾವ ದಿನ ಎಷ್ಟು ಬಿತ್ತು, ಯಾವಾಗ ಬಿಸಿಲು ಹೊಡೆಯಿತು ಎಂಬುದು ಅವನ ದಾಖಲೆಯಲ್ಲಿರುತ್ತದೆ. ಅಪಾಯದ ಇಳಿಜಾರಿನಲ್ಲಿ ಎಲ್ಲರೂ ಒಟ್ಟಿಗೆ ಇಳಿಯರು, ಒಬ್ಬೊಬ್ಬರಾಗಿ. ಕೆಳಗೆ ಇಕ್ಕಟ್ಟಾದ ಕೊರಕಲು ಇದ್ದರೆ ಆ ದಾರಿಯೇ ಬೇಡ, ಏಕೆಂದರೆ ಅಲ್ಲಿ ಸಣ್ಣ ಕುಸಿತವೂ ಆಳಕ್ಕೆ ಹೂಳುತ್ತದೆ. ಎಲ್ಲರ ಎದೆಯ ಮೇಲೂ 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುವ, ಹೂತವನ ಜಾಗ ತೋರಿಸುವ ರೇಡಿಯೋ ಬೀಕನ್. ಹೂತವನನ್ನು ಸುಮಾರು ಹದಿನೈದು ನಿಮಿಷದೊಳಗೆ ತೆಗೆದರೆ ಬದುಕುಳಿಯುವ ಸಾಧ್ಯತೆ ಹೆಚ್ಚು, ಆಮೇಲೆ ಬೇಗ ಕುಸಿಯುತ್ತದೆ.

*

ಈ ಹದಿನೈದು ನಿಮಿಷ ಓದಿದಾಗ ಕನ್ನಡಿಗರಿಗೆ ನೆನಪಾಗುವುದು ಒಂದೇ ಹೆಸರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಕೆಲವು ದಿನಗಳ ಮೇಲೆ ಅಗೆದಾಗ ಹನುಮಂತಪ್ಪ ಒಬ್ಬರೇ ಉಸಿರಾಡುತ್ತಿದ್ದರು. ಫೆಬ್ರುವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅವರು ಆ ಇಳಿಜಾರನ್ನು ಆರಿಸಿಕೊಂಡವರಲ್ಲ. ಬೇಡವೆನ್ನುವ ಅವಕಾಶ ಗೈಡಿಗೆ ಉಂಟು, ಕಾವಲಿನ ಸಿಪಾಯಿಗೆ ಇಲ್ಲ. ಹಿಮದ ವಿದ್ಯೆಯನ್ನು ಬರೀ ಮೋಜಿನ ವಿದ್ಯೆ ಎನ್ನುವವರ ಮಾತು ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ.

   

*

ಆಕಾಶದಿಂದ ಇಳಿಯುವ ಈ ಆಟವನ್ನು ಎಲ್ಲರೂ ಒಪ್ಪಿಲ್ಲ. ಫ್ರಾನ್ಸ್ 1985ರ ಪರ್ವತ ಕಾನೂನಿನಲ್ಲಿ ಮೋಜಿಗಾಗಿ ಹೆಲಿಕಾಪ್ಟರಿನಿಂದ ಬೆಟ್ಟದ ಮೇಲೆ ಜನರನ್ನು ಇಳಿಸುವುದನ್ನೇ ನಿಲ್ಲಿಸಿತು. ಆದರೆ ಹತ್ತದೆ ಏರಲು ಹೆಲಿಕಾಪ್ಟರೇ ಬೇಕೆಂದಿಲ್ಲ. ನಮ್ಮಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದ ಮೇಲೆ ತಂತಿಯಲ್ಲಿ ತೂಗುವ ಗೊಂಡೋಲಾದಲ್ಲೇ ಏರಬಹುದು; ಅಲ್ಲೂ ಏರಿದವನ ಕಾಲಿಗೆ ಸುದ್ದಿ ಸಿಕ್ಕಿರುವುದಿಲ್ಲ. 2023ರ ಫೆಬ್ರುವರಿ 1ರಂದು ಆ ಬೆಟ್ಟದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರುಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು.

ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಹಿಮ ಸಂಶೋಧಕರು ಮನಾಲಿಯಲ್ಲಿ ದಶಕಗಳಿಂದ ಹಿಮ ಅಳೆಯುತ್ತಿದ್ದಾರೆ, ಕುಸಿತದ ಮುನ್ನೆಚ್ಚರಿಕೆ ಕೊಡುತ್ತಾರೆ. ಮುನ್ನೆಚ್ಚರಿಕೆ ಒಂದು ಸೀಮೆಗೆ ಅನ್ವಯ, ಗುಂಡಿ ಅದನ್ನು ತೋಡಿದ ಜಾಗಕ್ಕೆ. ಒಂದೇ ಏಣಿನ ಉತ್ತರದ ಮೈಯಲ್ಲಿ ಹಿಮ ಪುಡಿಯಾಗಿರುತ್ತದೆ, ಬಿಸಿಲು ಬೀಳುವ ದಕ್ಷಿಣದ ಮೈಯಲ್ಲಿ ಕರಗಿ ಗಡುಸಾಗಿರುತ್ತದೆ, ಗಾಳಿಯ ಮರೆಯಲ್ಲಿ ಹಲಗೆಗಟ್ಟಿರುತ್ತದೆ. ಹಾಗಾದರೆ ಒಂದು ಗುಂಡಿ ಹೇಳಿದ ಮಾತು ಎಷ್ಟು ಹೆಜ್ಜೆ ದೂರದವರೆಗೆ ನಿಜ?